ಎದುರಿಗಿಲ್ಲದವರ ವಕೀಲೆ

ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಾವು ನಾಲ್ಕು ಜನ ಹೆಂಗಸರು ಸೇರಿದೆವೆಂದರೆ ಅಲ್ಲಿಲ್ಲದ ಐದನೆಯವಳ ಕಥೆ ಶುರುವಾಗಲೇಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಕಾಫಿಯ ಜೊತೆ ಚಕ್ಕುಲಿ ಇದ್ದ ಹಾಗೆ ಅದು. ಆದರೆ ಆ ಗುಂಪಿನಲ್ಲಿ ನಮ್ಮ ಅಟಾರ್ನಿ ಆಂಟಿ ಇದ್ದರೆ ಮಾತ್ರ ಚಕ್ಕುಲಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಯಾರಾದರೂ ಒಬ್ಬರು "ಅವಳ ಜಂಭ ನೋಡಿದ್ರಾ?" ಎಂದು ರಾಗ ತೆಗೆಯುವಷ್ಟರಲ್ಲಿ ಆಂಟಿ ಕನ್ನಡಕ ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟು, ಶಾಲೆಯ ಮಕ್ಕಳ ಹಾಗೆ ಕೈ ಎತ್ತುತ್ತಿದ್ದರು.

"ಅವಳ ಕಡೆಯಿಂದ ಮಾತಾಡೋಕೆ ಇಲ್ಲಿ ಯಾರಾದ್ರೂ ಇದೀರಾ? ಯಾರೂ ಇಲ್ವಾ? ಸರಿ ಹಾಗಾದ್ರೆ, ನಾನು."

ಅಷ್ಟೇ, ಆವತ್ತಿನ ಹರಟೆ ಮುಗಿದಂತೆ. ಅಂಗಡಿಯಲ್ಲಿ ಎದುರಾದರೂ ನಗಲಿಲ್ಲ ಎನ್ನುವುದು ಆ ಐದನೆಯವಳ ಮೇಲಿನ ಆರೋಪವಾದರೆ, ಆವತ್ತು ಅವಳಿಗೆ ಹಲ್ಲುನೋವು ಇದ್ದಿರಬಹುದು, ಕನ್ನಡಕ ಮರೆತು ಬಂದಿರಬಹುದು, ಊರಿನಿಂದ ಕೆಟ್ಟ ಸುದ್ದಿಯ ಫೋನು ಬಂದಿರಬಹುದು ಎಂದು ಒಂದೊಂದಾಗಿ ಎತ್ತಿಡುತ್ತಿದ್ದರು. ಎಷ್ಟೋ ಸಲ ಆ ಹೆಂಗಸಿನ ಮುಖಪರಿಚಯವೂ ಇವರಿಗೆ ಇರುತ್ತಿರಲಿಲ್ಲ. "ಗೊತ್ತಿಲ್ಲದೇ ಇರೋರ ಪರ ಯಾಕೆ ಆಂಟಿ ಇಷ್ಟು ಕಷ್ಟಪಡ್ತೀರಾ?" ಎಂದು ಕೇಳಿದರೆ, "ಗೊತ್ತಿರೋರ ಪರ ಮಾತಾಡೋಕೆ ಅವರಮ್ಮ ಇರ್ತಾಳಲ್ಲ" ಎನ್ನುತ್ತಿದ್ದರು. ಗಾಸಿಪ್ ಕೆಡಿಸುವ ಆಂಟಿ ಎಂದು ನಾವೇ ಅವರಿಗೆ ಅಡ್ಡಹೆಸರು ಇಟ್ಟಿದ್ದೆವು. ಆದರೆ ಅವರನ್ನು ಬಿಟ್ಟು ಕಾಫಿಗೆ ಕೂರುವ ಧೈರ್ಯವೂ ನಮಗಿರಲಿಲ್ಲ. ನಾವಿಲ್ಲದ ಹೊತ್ತಿನಲ್ಲಿ ನಮ್ಮ ಪರವಾಗಿ ಕೈ ಎತ್ತುವವರು ಇವರೊಬ್ಬರೇ ಎಂಬುದು ಒಳಗೊಳಗೇ ಎಲ್ಲರಿಗೂ ಗೊತ್ತಿತ್ತು.

ಈ ವರ್ಷ ಅವರು ಅಡಿಲೇಡ್‌ನಲ್ಲಿ, ಪರ್ತ್ ಬಿಟ್ಟು ಅಲ್ಲಿಗೆ ಹೋಗಿ ನೆಲೆಸಿದ್ದ ತಂಗಿಯ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಈಗ ಇರುವುದು ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ, ನನ್ನ ಗಂಡನಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ತಂಗಿಯೇ ಫೋನ್ ಮಾಡಿ, "ಅಕ್ಕ ಆರಾಮಾಗಿ ಹೋದ್ಲು ಗ್ರೇಸಿ. ಬೆಳಿಗ್ಗೆ ಕೂಡ ನನ್ನ ಜೊತೆ ಒಂದು ಜಗಳ ಆಡಿದ್ಲು, ಗೆದ್ದಿದ್ಲು" ಎಂದರು. ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಎಂಬತ್ತು ದಾಟಿದ ಜೀವ, ನೋವಿಲ್ಲದೆ, ಕೊನೆಯ ವಾದವನ್ನೂ ಗೆದ್ದುಕೊಂಡು ಹೋಯಿತು ಎನ್ನುವ ಸಮಾಧಾನವೇ ಈಗ ಹೆಚ್ಚಾಗಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಕಕ್ಷಿದಾರರ ಹೆಸರನ್ನು ಅವರು ಎಂದೂ ಯಾರ ಮುಂದೂ ಹೇಳಿದವರಲ್ಲ. "ಒಬ್ಬನಿದ್ದ" ಎಂದೇ ಅವರ ಕಥೆಗಳೆಲ್ಲ ಶುರುವಾಗುತ್ತಿದ್ದವು. ಅವರಿಗೂ ಅದೇ ಮರ್ಯಾದೆ ಸಲ್ಲಲಿ.

ಹುಟ್ಟಿದ್ದು, ಕಾನೂನು ಓದಿದ್ದು ಮೈಸೂರಿನಲ್ಲಿ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಮತ್ತೆ ಮೊದಲಿಂದ ಓದಿ, ಫೆಡರಲ್ ಕೋರ್ಟಿನಲ್ಲಿ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ಅಟಾರ್ನಿಯಾಗಿ ತಲೆಗೂದಲು ಬೆಳ್ಳಗಾಗುವವರೆಗೂ ಕೆಲಸ ಮಾಡಿದರು. ಆ ಕೆಲಸ ಏನೆಂದು ಮೈಸೂರಿನಲ್ಲಿದ್ದ ತಾಯಿಗೆ ಕೊನೆಯವರೆಗೂ ಅರ್ಥವಾಗಲಿಲ್ಲವಂತೆ. ಸಂಬಳ ಕೊಡುವುದು ಸರ್ಕಾರ, ಕೇಸು ಹಾಕುವುದೂ ಸರ್ಕಾರ, ಇವರು ದಿನಬೆಳಗಾದರೆ ವಾದ ಮಾಡುವುದು ಆ ಸರ್ಕಾರದ ವಿರುದ್ಧವೇ. ಪಕ್ಕದ ಮನೆಯವರು ಕೇಳಿದಾಗ ಆ ತಾಯಿ, "ಸರ್ಕಾರಿ ಕೆಲಸವೇ, ಆದ್ರೆ ಸ್ವಲ್ಪ ಗಲಾಟೆ ಕೆಲಸ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ.

ನನಗೂ ಫೆಡರಲ್ ಎಂದರೆ ಏನೆಂದು ಗೊತ್ತಿರಲಿಲ್ಲ. ಬೀನ್ಸ್ ಹೆಚ್ಚುತ್ತಾ ಹೇಳಿಕೊಟ್ಟರು. "ಅಲ್ಲಿ ರಾಜ್ಯದ ಕೋರ್ಟೇ ಬೇರೆ, ದೇಶದ ಕೋರ್ಟೇ ಬೇರೆ ಕಣಮ್ಮ. ಪಕ್ಕದ ಮನೆಯವನ ಮೂಗು ಮುರಿದ್ರೆ ರಾಜ್ಯದ ಕೋರ್ಟು. ಪೋಸ್ಟ್‌ಮ್ಯಾನ್ ಚೀಲ ಕದ್ರೆ ಫೆಡರಲ್ಲು. ಅಲ್ಲಿ ನಮ್ಮ ಜಡ್ಜುಗಳಿಗೆ ಜೀವಾವಧಿ ಕೆಲಸ, ನಮ್ಮ ಕ್ಲೈಂಟುಗಳಿಗೆ ಕೆಲವು ಸಲ ಜೀವಾವಧಿ ಶಿಕ್ಷೆ. ಇಬ್ಬರ ಮಧ್ಯೆ ನಿಂತ್ಕೊಳ್ಳೋದು ನನ್ನ ಕೆಲಸ." ಸಿನಿಮಾದಲ್ಲಿ ನೋಡುವ ಹಾಗೆ ಕೋರ್ಟಿನಲ್ಲಿ ಕೂಗಾಡುವುದು ಅಪರೂಪವಂತೆ. ಹೆಚ್ಚಿನವರು ವಿಚಾರಣೆಯವರೆಗೆ ಹೋಗದೆ ತಪ್ಪೊಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುತ್ತಾರಂತೆ. ಹಾಗಾಗಿ ಅಟಾರ್ನಿಯ ಮುಕ್ಕಾಲು ಪಾಲು ಆಯುಷ್ಯ ಜೈಲಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಎದುರಿಗಿರುವವನು ಹೇಳುವುದನ್ನು ಕೇಳಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

"ತಪ್ಪು ಮಾಡಿದಾನೆ ಅಂತ ಗೊತ್ತಿದ್ರೂ ಅವನ ಪರ ನಿಲ್ಲೋಕೆ ಹೇಗೆ ಮನಸ್ಸು ಬರ್ತಿತ್ತು?" ಎಂದು ನಾನು ಒಂದು ಸಲ ಕೇಳಿದೆ. ಎಲ್ಲರೂ ಕೇಳುವ ಪ್ರಶ್ನೆ ಇದೇ ಇರಬೇಕು, ಆಂಟಿ ಬೀನ್ಸಿನ ನಾರು ತೆಗೆಯುವುದನ್ನೂ ನಿಲ್ಲಿಸಲಿಲ್ಲ. "ತಪ್ಪು ಮಾಡಿದಾನೆ ಅಂತ ಇಡೀ ಊರೇ ಹೇಳ್ತಿರತ್ತೆ. ಅದನ್ನೇ ಹೇಳೋಕೆ ನಾನೂ ಒಬ್ಬಳು ಬೇಕಾ?"

ನಿವೃತ್ತಿಯಾದ ಮೇಲೆ ಪರ್ತ್‌ನಲ್ಲಿ ಮಕ್ಕಳ ಡಾಕ್ಟರಾಗಿದ್ದ ತಂಗಿ, "ಬಾ, ಇಬ್ಬರೂ ಒಟ್ಟಿಗೆ ಮುದುಕಿಯರಾಗೋಣ" ಎಂದು ಕರೆಸಿಕೊಂಡರು. ಅಲ್ಲಿಯ ಕನ್ನಡದವರಿಗೆ ಒಬ್ಬ ಲಾಯರು ಪುಕ್ಕಟೆ ಸಿಕ್ಕಿದರು ಎಂದು ಖುಷಿಯೋ ಖುಷಿ. ಬೇಲಿಯ ಜಗಳ, ಸ್ಪೀಡಿಂಗ್ ದಂಡ, ಬಾಡಿಗೆ ಮನೆಯ ತಕರಾರು ಎಲ್ಲ ಹಿಡಿದುಕೊಂಡು ಬಂದವರಿಗೆ ಆಂಟಿಯ ಉತ್ತರ ಒಂದೇ: "ನನ್ನ ಲೈಸೆನ್ಸು ಈ ದೇಶದಲ್ಲಿ ನಡೆಯಲ್ಲಪ್ಪ. ಬೇಕಾದ್ರೆ ಕೋಸಂಬರಿ ಹೇಗೆ ಮಾಡೋದು ಅಂತ ಕೇಳು." ಅವರ ಕೋಸಂಬರಿ ತಿಂದವರು ಅದನ್ನೂ ಕೇಳುತ್ತಿರಲಿಲ್ಲ. ಹೆಸರುಬೇಳೆ ನೆನೆಸಲು ಅವರಿಗೆ ನೆನಪೇ ಇರುತ್ತಿರಲಿಲ್ಲ.

ಆದರೂ ಕೋರ್ಟಿನ ಗೀಳು ಬಿಟ್ಟಿರಲಿಲ್ಲ. ಬುಧವಾರ ಬಂತೆಂದರೆ ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಮೇಲೊಂದು ಕರಿ ಕೋಟು ಹಾಕಿ, ಬಸ್ಸು ಹಿಡಿದು, ಟ್ರೈನು ಹತ್ತಿ, ಸಿಟಿಯಲ್ಲಿರುವ ಫೆಡರಲ್ ಕೋರ್ಟಿಗೆ ಹೋಗಿ ಸಾರ್ವಜನಿಕರ ಬೆಂಚಿನ ಮೇಲೆ ಕೂರುತ್ತಿದ್ದರು. ಯಾವ ಕೇಸಾದರೂ ಆಗಬಹುದು. ಬೇರೆಯವರು ದೇವಸ್ಥಾನಕ್ಕೆ ಹೋಗುವ ಹಾಗೆ, ನಾನು ಭಾನುವಾರ ಚರ್ಚಿಗೆ ಹೋಗುವ ಹಾಗೆ, ಇವರಿಗೆ ಬುಧವಾರದ ಕೋರ್ಟು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಬಿಳಿ ಕೂದಲಿನ ಟೋಪನ್ನು ಹಾಕಿಕೊಂಡ ಜಡ್ಜನ್ನು ನೋಡಬಹುದೆಂದು ಆಸೆಯಿಂದ ಹೋಗಿದ್ದೆ, ಆ ಕೋರ್ಟಿನಲ್ಲಿ ಯಾರ ತಲೆಯ ಮೇಲೂ ಟೋಪನ್ನಿರಲಿಲ್ಲ. ಜಡ್ಜು ಒಳಗೆ ಬಂದಾಗ ಎಲ್ಲರೂ ಎದ್ದು ತಲೆ ಬಾಗಿಸಿದರು, ಆಂಟಿ ಎಲ್ಲರಿಗಿಂತ ಕೆಳಗೆ ಬಗ್ಗಿದರು. "ಅಮೆರಿಕದಲ್ಲಿ ಬರೀ ಎದ್ದು ನಿಂತ್ರೆ ಸಾಕಿತ್ತು. ಇಲ್ಲಿ ಬಂದ ಮೇಲೆ ಕಲಿತೆ. ಸೊಂಟಕ್ಕೂ ಒಳ್ಳೇದು" ಎಂದು ಪಿಸುಗುಟ್ಟಿದರು.

ಆವತ್ತಿನ ಕೇಸು ಎರಡು ಕಂಪನಿಗಳದು. ಯಾವುದೋ ಯಂತ್ರದ ಬಿಡಿಭಾಗದ ವ್ಯಾಜ್ಯ. ನಾನು ತೂಕಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಆಂಟಿ ನನ್ನ ತೊಡೆ ಚಿವುಟಿದರು. ಒಬ್ಬ ಚಿಕ್ಕ ವಯಸ್ಸಿನ ವಕೀಲೆ ನಿಂತು ಏನನ್ನೋ ಓದಿ ಹೇಳುತ್ತಿದ್ದಳು. ಎದುರು ಪಕ್ಷದ ವಕೀಲರು ಗಾಬರಿಯಿಂದ ಕಾಗದ ತಿರುವುತ್ತಿದ್ದರು. ಹೊರಗೆ ಬಂದ ಮೇಲೆ ಆಂಟಿ ವಿವರಿಸಿದರು. ಆ ಹುಡುಗಿ ಓದಿದ್ದು ತನ್ನ ಪಕ್ಷಕ್ಕೆ ವಿರುದ್ಧವಾಗಿದ್ದ ಒಂದು ಹಳೆಯ ತೀರ್ಪು. ಎದುರಿನವರಿಗೆ ಅದು ಗೊತ್ತೇ ಇರಲಿಲ್ಲ.

"ಅಯ್ಯೋ, ಸುಮ್ಮನಿದ್ದಿದ್ರೆ ಗೆಲ್ತಿದ್ಲಲ್ಲ!" ಎಂದೆ ನಾನು.

"ಸುಮ್ಮನಿರೋ ಹಾಗಿಲ್ಲ. ಅಮೆರಿಕದಲ್ಲೂ ಇದೇ ನಿಯಮ. ಕ್ಲೈಂಟ್ ಹೇಳಿದ ಗುಟ್ಟನ್ನ ಬಾಯಿ ಬಿಡಬಾರದು. ಆದ್ರೆ ಕಾನೂನು ನಮಗೆ ವಿರುದ್ಧವಾಗಿದ್ರೆ, ಎದುರಿನವರು ಹೇಳ್ದೇ ಇದ್ರೆ, ನಾವೇ ಜಡ್ಜಿಗೆ ಹೇಳಬೇಕು. ಯಾಕೆ ಅಂದ್ರೆ ವಕೀಲ ಕ್ಲೈಂಟಿನವನೂ ಹೌದು, ಕೋರ್ಟಿನವನೂ ಹೌದು." ಟ್ರೈನಿನಲ್ಲಿ ಚಪಾತಿ ಡಬ್ಬಿ ತೆಗೆಯುತ್ತಾ, "ಒಳ್ಳೆ ಹುಡುಗಿ. ಅವರಮ್ಮ ಯಾರೋ, ಚೆನ್ನಾಗಿ ಬೆಳೆಸಿದಾಳೆ" ಎಂದು ಹೇಳಿದರು.

ಇಷ್ಟು ಸತ್ಯವಂತೆಯಾದ ಈ ಮಹಾತಾಯಿ ಚೌಕಾಬಾರ ಆಡಲು ಕೂತರೆ ಮಾತ್ರ ಪಕ್ಕಾ ಮೋಸಗಾತಿ. ಕವಡೆ ಬಿದ್ದ ಮೇಲೆ ಬೆರಳಲ್ಲಿ ತಳ್ಳಿ ಮಗುಚುವುದು, ಯಾರೂ ನೋಡದಾಗ ಕಾಯಿಯನ್ನು ಒಂದು ಮನೆ ಮುಂದಕ್ಕೆ ಸರಿಸುವುದು, ಎಲ್ಲ ಬಲ್ಲರು. ಸಿಕ್ಕಿಬಿದ್ದರೆ, "ಇಲ್ಲೇನು ನಾನು ಪ್ರಮಾಣ ಮಾಡಿ ಕೂತಿದೀನಾ?" ಎಂದು ನಮ್ಮನ್ನೇ ಗದರಿಸುತ್ತಿದ್ದರು. ಅವರ ತಂಗಿ ಈ ಕಾರಣಕ್ಕೆ ಅವರೊಡನೆ ಆಡುವುದನ್ನೇ ಬಿಟ್ಟಿದ್ದರು.

ಈಗ ನನ್ನ ಕೇಸಿಗೆ ಬರುತ್ತೇನೆ.

ಮೈಸೂರಿನಲ್ಲಿ ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು. ಪರ್ತ್‌ಗೆ ಬಂದ ಮೇಲೆ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದೆ. ಕೆಲಸದ ಬಗ್ಗೆ ದೂರಿಲ್ಲ. ಆದರೆ ಟೀಚರ್ ಎಂದು ಕರೆಸಿಕೊಂಡ ಕಿವಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ನಮ್ಮ ಬಡಾವಣೆಯ ಪುಟ್ಟ ಕನ್ನಡ ಬಳಗದವರು ಭಾನುವಾರ ಮಧ್ಯಾಹ್ನ ಕಮ್ಯೂನಿಟಿ ಸೆಂಟರಿನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೀರಾ ಎಂದು ಕೇಳಿದಾಗ ನನಗೆ ಹೋದ ಜೀವ ಬಂದ ಹಾಗಾಗಿತ್ತು. ಮಕ್ಕಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದವು. ಕೊಡಲಿ, ಕೇಳಿದ್ದು ಅರ್ಥವಾಯಿತಲ್ಲ ಎಂದುಕೊಳ್ಳುತ್ತಿದ್ದೆ. ಆ ಒಂದು ಮಧ್ಯಾಹ್ನಕ್ಕಾಗಿಯೇ ನಾನು ವಾರವಿಡೀ ಕಾಯುತ್ತಿದ್ದೆ.

ಒಂದು ಫೆಬ್ರವರಿಯಲ್ಲಿ ವಿಪರೀತ ಸೆಕೆ, ಏಸಿ ಬೇರೆ ಕೈಕೊಟ್ಟಿತ್ತು. ನಾನು ಹಿಂದಿನ ಗಾಜಿನ ಬಾಗಿಲನ್ನು ಸರಿಸಿಟ್ಟೆ. ಕ್ಲಾಸು ಮುಗಿದು, ಮುಂದಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬ ಮಗುವನ್ನೇ ಅದರ ಅಪ್ಪ ಅಮ್ಮನಿಗೆ ಒಪ್ಪಿಸುತ್ತಿದ್ದೆ. ದೀಪ್ತಿ ಬಂದು, "ನಮ್ಮ ಆರವ್ ಎಲ್ಲಿ?" ಎಂದಾಗ ತಿರುಗಿ ನೋಡಿದರೆ ಏಳು ವರ್ಷದ ಆ ಹುಡುಗ ಇಲ್ಲ. ಶೌಚಾಲಯದಲ್ಲಿಲ್ಲ, ಅಡುಗೆಕೋಣೆಯಲ್ಲಿಲ್ಲ, ಕಾರ್ ಪಾರ್ಕಿನಲ್ಲಿಲ್ಲ. ದೀಪ್ತಿ ಕಿರುಚುತ್ತಾ ರಸ್ತೆಯಾಚೆಯ ಸರ್ವೋ ಕಡೆಗೆ ಓಡಿದಳು. ಆ ಪೆಟ್ರೋಲ್ ಬಂಕಿಗೆ ನುಗ್ಗುತ್ತಿದ್ದ ಕಾರುಗಳನ್ನು ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು. ಕಾಲು ಗಂಟೆಯ ಮೇಲೆ ಅವನು ಕಟ್ಟಡದ ಹಿಂದಿನ ಪಾರ್ಕಿನಲ್ಲಿ ಸಿಕ್ಕಿದ. ಜೋಕಾಲಿಯ ಮೇಲೆ ಕೂತಿದ್ದವನು ನಮ್ಮೆಲ್ಲರ ಮುಖ ನೋಡಿ, "ಐ ವಾಸ್ ಜಸ್ಟ್ ಆನ್ ದ ಸ್ವಿಂಗ್, ಆಂಟಿ" ಎಂದ.

ದೀಪ್ತಿ ಅವನನ್ನು ಅಪ್ಪಿಕೊಂಡು ಅತ್ತಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ ಹೊರಟುಹೋದಳು. ಸಂಜೆ ಹೊತ್ತಿಗೆ ಬಳಗದ ವಾಟ್ಸಾಪಿನಲ್ಲಿ ಬೆಂಕಿ ಬಿದ್ದಿತ್ತು. ಬೇರೆ ಟೀಚರ್ ಬೇಕೆಂದು ದೀಪ್ತಿ ಬರೆದಿದ್ದಳು, ಬುಧವಾರ ಕಮಿಟಿ ಸೇರುವುದು ಎಂದು ಮಾತಾಯಿತು. ದೀಪ್ತಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ. ಆದರೆ ಭಾನುವಾರದ ಮಧ್ಯಾಹ್ನಗಳಿಲ್ಲದ ಪರ್ತ್ ಹೇಗಿರುತ್ತದೆಂದು ನೆನೆಸಿಕೊಳ್ಳಲೂ ಆಗಲಿಲ್ಲ.

ಮಾರನೆಯ ದಿನ ಆಂಟಿಯ ಮನೆಗೆ ಹೋಗಿ, "ನಾನೇ ಬಿಟ್ಟುಬಿಡ್ತೀನಿ ಆಂಟಿ. ಅವರಿಂದ ಹೇಳಿಸ್ಕೊಳ್ಳೋದು ಯಾಕೆ?" ಎಂದೆ.

"ಬಿಟ್ಟುಬಿಡ್ತೀನಿ ಅನ್ನೋದು ತಪ್ಪೊಪ್ಪಿಗೆ. ಜೈಲಲ್ಲಿರೋ ಕಳ್ಳನೂ ಲಾಯರ್ ಹತ್ರ ಮಾತಾಡ್ದೇ ತಪ್ಪು ಒಪ್ಕೊಳ್ಳಲ್ಲ ಕಣೆ. ಕೂತ್ಕೋ."

"ನಿಮಗೆ ಈ ದೇಶದಲ್ಲಿ ಲೈಸೆನ್ಸೇ ಇಲ್ವಲ್ಲ?"

"ಕನ್ನಡ ಬಳಗ ಯಾವಾಗ ಕೋರ್ಟ್ ಆಯ್ತು? ಅಲ್ಲಿ ಬಾಯಿದ್ರೆ ಸಾಕು." ಕನ್ನಡಕ ತೆಗೆದು ಬೋರಲಾಗಿಟ್ಟರು. "ಈಗ ಹೇಳು."

ಹೇಳಿದೆ. ಅವರು ಯಾಕೆ ಎಂದಾಗಲಿ, ಛೆ ಎಂದಾಗಲಿ ಒಮ್ಮೆಯೂ ಅನ್ನಲಿಲ್ಲ. ನಾನು ನಿಲ್ಲಿಸಿದಾಗಲೆಲ್ಲ "ಆಮೇಲೆ?" ಎಂದರು, ಅಷ್ಟೇ. ಹಿಂದಿನ ಬಾಗಿಲು ತೆರೆದವಳು ನಾನೇ ಎಂಬುದನ್ನೂ ಹೇಳಿಬಿಟ್ಟೆ. ಅದನ್ನು ಕಮಿಟಿಯ ಮುಂದೆ ಹೇಳಬೇಕೇ ಎಂದು ಕೇಳಿದೆ. "ಅದು ನಿನ್ನ ಮಾತು, ನಿನ್ನಿಷ್ಟ. ಆದ್ರೆ ಮುಚ್ಚಿತ್ತು ಅಂತ ನೀನು ಸುಳ್ಳು ಹೇಳಿದ್ರೆ ನಾನು ಎದ್ದು ಮನೆಗೆ ಹೋಗ್ತೀನಿ" ಎಂದರು.

ಬುಧವಾರ ಅವರು ಫೆಡರಲ್ ಕೋರ್ಟಿಗೆ ಹೋಗಲಿಲ್ಲ. ಅದೇ ಸೀರೆ, ಅದೇ ಕರಿ ಕೋಟಿನಲ್ಲಿ ಕಮ್ಯೂನಿಟಿ ಸೆಂಟರಿಗೆ ಬಂದರು. ಕಮಿಟಿಯವರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದರು. ಅಧ್ಯಕ್ಷರು ತುಮಕೂರಿನ ಡಾಕ್ಟರ್ ಇಕ್ಬಾಲ್, ಆಪರೇಷನ್ ಥಿಯೇಟರಿನಲ್ಲಿ ರೋಗಿಗಳಿಗೆ ಪ್ರಜ್ಞೆ ತಪ್ಪಿಸುವ ಡಾಕ್ಟರು, ಯಾರಿಗೂ ನೋವಾಗಬಾರದು ಎನ್ನುವ ಸ್ವಭಾವ. "ಬೇಗ ಮುಗಿಸೋಣ, ಗ್ರೇಸಿ ಅವರಿಗೂ ಮುಜುಗರ ಬೇಡ" ಎಂದರು.

ಆಂಟಿ ಕೈ ಎತ್ತಿದರು. "ಬೇಗ ಬೇಡ ಡಾಕ್ಟ್ರೇ. ಮೊದಲು ಮಗುವಿನ ತಾಯಿ ಮಾತಾಡಲಿ. ಪೂರ್ತಿ ಹೇಳೋವರೆಗೂ ಯಾರೂ ಮಧ್ಯೆ ಬಾಯಿ ಹಾಕಬಾರದು, ನಾನೂ ಸೇರಿ."

ದೀಪ್ತಿ ಮಾತಾಡಿದಳು. ಆ ಕಾಲು ಗಂಟೆಯಲ್ಲಿ ತನ್ನ ಮನಸ್ಸಿಗೆ ಏನೇನು ಬಂತು ಎಂಬುದನ್ನೆಲ್ಲ ಹೇಳಿದಳು. ಆಂಟಿ ತಲೆ ತಗ್ಗಿಸಿ ಕೇಳಿದರು. ಆಮೇಲೆ ನಾನು ಹೇಳಿದೆ. ಹಿಂದಿನ ಬಾಗಿಲ ಸಂಗತಿಯನ್ನೂ ಹೇಳಿದೆ, ಮುಚ್ಚಿಟ್ಟುಕೊಂಡು ಕೂರುವುದು ನನ್ನಿಂದ ಆಗಲಿಲ್ಲ. ಯಾರೋ ತ್ಚು ತ್ಚು ಎಂದರು.

ನಂತರ ಆಂಟಿ ಎದ್ದು ನಿಂತರು. ನನ್ನ ಪರವಾಗಿ ದೊಡ್ಡ ಭಾಷಣ ಬರುತ್ತದೆಂದು ಕಾಯುತ್ತಿದ್ದ ನನಗೆ ಕೇಳಿಸಿದ್ದು ಬೇರೆಯೇ.

"ಅಧ್ಯಕ್ಷರೇ, ಈ ಬಳಗದಲ್ಲಿ ಹಿಂದೆಯೂ ಇಂಥದ್ದೇ ಒಂದು ಸಂಗತಿ ನಡೆದಿತ್ತು. ಅದು ನಮಗೆ ವಿರುದ್ಧವಾಗಿದೆ. ನಿಮಗ್ಯಾರಿಗೂ ಗೊತ್ತಿಲ್ಲ, ಆದರೆ ಗೊತ್ತಿದ್ದೂ ನಾನು ಸುಮ್ಮನಿರೋ ಹಾಗಿಲ್ಲ."

ನನಗೆ ಕೋರ್ಟಿನಲ್ಲಿ ಕಂಡಿದ್ದ ಆ ವಕೀಲೆ ನೆನಪಾದಳು. ಒಳ್ಳೆ ಹುಡುಗಿ ಇರಬಹುದು, ಆದರೆ ಅವಳ ಕ್ಲೈಂಟಿನ ಗತಿ ಏನಾಯಿತೆಂದು ನಾನು ಆವತ್ತು ಕೇಳಿಯೇ ಇರಲಿಲ್ಲ. ಆಂಟಿಯ ಕೋಟಿನ ಅಂಚು ಹಿಡಿದು ಎಳೆದೆ. ಅವರು ನನ್ನ ಕೈ ಬಿಡಿಸಿ ಮುಂದುವರಿಸಿದರು.

ನಾವಿನ್ನೂ ಪರ್ತ್‌ಗೆ ಬರುವ ಮೊದಲಿನ ಮಾತಂತೆ ಅದು. ಅಲ್ಲಿಯ ಕಮಿಟಿಯವರು ಬಾಡಿಗೆ ಮನೆಯವರಿದ್ದ ಹಾಗೆ, ಕೆಲಸ ಬದಲಾದರೆ ಊರೇ ಬದಲಾಯಿಸಿ ಹೋಗುತ್ತಾರೆ. ಹಾಗಾಗಿ ಆಗ ಇದ್ದವರು ಈಗ ಯಾರೂ ಇರಲಿಲ್ಲ. ಗಣೇಶನ ಹಬ್ಬದ ದಿನ ಮಕ್ಕಳ ಕೋಣೆ ನೋಡಿಕೊಳ್ಳುತ್ತಿದ್ದ ಒಬ್ಬಳ ಕಣ್ಣು ತಪ್ಪಿಸಿ ಒಂದು ಹುಡುಗಿ ಹೊರಗೆ ಹೋಗಿತ್ತು. ಹಬ್ಬವೇ ನಿಂತುಹೋಗುವಷ್ಟು ಗಲಾಟೆಯಾಗಿ, ಕೊನೆಗೆ ಮಗು ಅಡುಗೆಕೋಣೆಯ ಮೇಜಿನ ಕೆಳಗೆ ನಿದ್ದೆ ಮಾಡುತ್ತಾ ಸಿಕ್ಕಿತ್ತು. ಆವತ್ತೇ ಕಮಿಟಿಯವರು ಆಕೆಯನ್ನು ಕರೆದು, ಇನ್ನು ಮುಂದೆ ಮಕ್ಕಳ ಕೆಲಸಕ್ಕೆ ಬರಬೇಡಿ ಎಂದು ಹೇಳಿದರಂತೆ.

"ಆ ತೀರ್ಮಾನವನ್ನ ಪಾಲಿಸಿದ್ರೆ ಗ್ರೇಸಿಯನ್ನೂ ತೆಗೀಬೇಕಾಗತ್ತೆ. ಅದು ನಿಮಗೆ ಗೊತ್ತಿರಬೇಕು, ಅದಕ್ಕೆ ಹೇಳಿದೆ."

ಇಕ್ಬಾಲರು ಪೆಚ್ಚಾಗಿ, "ನೀವು ಯಾರ ಕಡೆ ಆಂಟಿ?" ಎಂದರು.

"ಗ್ರೇಸಿ ಕಡೆ."

"ಯಾರು ಆಕೆ? ಈಗಲೂ ಇಲ್ಲೇ ಇದಾರಾ?"

"ನಾನೇ."

ಇಷ್ಟು ವರ್ಷ ದಿನಾ ನೋಡುತ್ತಿದ್ದ ನನಗೇ ಈ ಸಂಗತಿ ಗೊತ್ತಿರಲಿಲ್ಲ. ಬಳಗದ ಹಬ್ಬಗಳಲ್ಲಿ ಅವರು ಸದಾ ಚಪ್ಪಲಿ ಬಿಡುವ ಜಾಗದ ಹತ್ತಿರ, ಮಕ್ಕಳಿಂದ ದೂರವೇ ಕೂರುತ್ತಿದ್ದರು. ಮಂಡಿನೋವಿಗೆ ಇರಬೇಕು ಎಂದು ನಾನು ಅಂದುಕೊಂಡಿದ್ದೆ.

"ಆ ತೀರ್ಮಾನ ಪಾಲಿಸಬೇಡಿ ಅಂತ ಯಾಕೆ ಕೇಳ್ತೀನಿ ಅಂದ್ರೆ," ಆಂಟಿಯ ದನಿ ಮೊದಲಿನ ಹಾಗೆಯೇ ಇತ್ತು, "ಆವತ್ತು ನನ್ನನ್ನ ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಜೀವಮಾನವೆಲ್ಲ ಬೇರೆಯವರಿಗೋಸ್ಕರ ಮಾತಾಡಿದವಳು, ನನಗೋಸ್ಕರ ಒಂದು ಮಾತು ಬಾಯಿಂದ ಬರಲಿಲ್ಲ. ಸರಿ ಅಂತ ಹೇಳಿ ಬಂದ್ಬಿಟ್ಟೆ. ಕೇಳದೆ ಮಾಡಿದ ತೀರ್ಮಾನ ತೀರ್ಮಾನವೇ ಅಲ್ಲ. ಅದನ್ನ ನೋಡ್ಕೊಂಡು ಇನ್ನೊಂದು ತೀರ್ಮಾನ ಮಾಡಬೇಡಿ. ಇಷ್ಟೇ ನನ್ನ ವಾದ."

ಅವರು ಕೂತರು. ಎಲ್ಲರೂ ಅಧ್ಯಕ್ಷರ ಮುಖ ನೋಡುತ್ತಿದ್ದರೆ, ಬಾಯಿ ತೆರೆದವಳು ದೀಪ್ತಿ.

"ಆಂಟಿ, ಆವತ್ತು ಏನಾಗಿತ್ತು?"

ಎಂಥೆಂಥ ಜಡ್ಜುಗಳ ಪ್ರಶ್ನೆಗೂ ತಡವರಿಸದ ಆಂಟಿ ಮೇಜಿನ ಮೇಲೆ ಬೋರಲಾಗಿಟ್ಟಿದ್ದ ಕನ್ನಡಕಕ್ಕಾಗಿ ಕೈಯಾಡಿಸಿದರು. ಅದು ಅವರ ಕೈಗೆಟುಕುವಲ್ಲೇ ಇತ್ತು, ಆದರೂ ಸಿಗಲಿಲ್ಲ. ನಾನೇ ಎತ್ತಿಕೊಟ್ಟೆ.

"ಒಂದು ಮಗು ವಾಂತಿ ಮಾಡ್ಕೊಂಡಿತ್ತಮ್ಮ. ಬಟ್ಟೆಯೆಲ್ಲ ಆಗಿತ್ತು. ಬಾತ್‌ರೂಮಿಗೆ ಕರ್ಕೊಂಡು ಹೋಗಿ ತೊಳೀತಿದ್ದೆ. ಮಿಕ್ಕವರಿಗೆಲ್ಲ ಕೂತಿರ್ರೋ ಅಂತ ಹೇಳಿ ಹೋಗಿದ್ದೆ. ವಾಪಸ್ ಬಂದು ತಲೆ ಎಣಿಸಿದ್ರೆ ಒಂದು ಕಮ್ಮಿ."

"ಅಷ್ಟು ಮಕ್ಕಳಿಗೆ ನೀವೊಬ್ರೇ ಇದ್ರಾ?"

"ಒಬ್ಬಳೇ. ಇನ್ನೊಬ್ಬರು ಬರ್ತೀನಿ ಅಂದಿದ್ರು, ಬರಲಿಲ್ಲ. ಎರಡು ಕಡೆ ಇರೋಕೆ ಆಗಲಿಲ್ಲ ನನಗೆ."

ದೀಪ್ತಿ ಕೈಬಳೆ ತಿರುಗಿಸುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು. "ಗ್ರೇಸಿಯೂ ಒಬ್ಬರೇ ಇದ್ದಿದ್ದು. ಎರಡು ಬಾಗಿಲು, ಒಬ್ಬರು ಟೀಚರ್. ನಾವು ಡ್ರಾಪ್ ಮಾಡಿ ಶಾಪಿಂಗಿಗೆ ಹೋಗ್ತೀವಿ. ನಾನೂ ಹೋಗಿದ್ದೆ." ಬಳೆ ಬಿಟ್ಟು ನನ್ನ ಕಡೆ ತಿರುಗಿದಳು. "ನನಗೆ ಬೇರೆ ಟೀಚರ್ ಬೇಡ. ಆ ಹಿಂದಿನ ಬಾಗಿಲ ಹತ್ರ ಒಬ್ಬರು ಬೇಕು, ಅಷ್ಟೇ."

ಇಕ್ಬಾಲರು ಉಸಿರು ಬಿಟ್ಟರು. ಇಬ್ಬರು ದೊಡ್ಡವರಿಲ್ಲದೆ ಕ್ಲಾಸು ನಡೆಯಬಾರದು, ಗ್ರೇಸಿ ಮುಂದುವರಿಯಲಿ ಎಂದರು. ಆ ಇನ್ನೊಬ್ಬರು ಯಾರು ಎಂದಾಗ ಮಾತ್ರ ಎಲ್ಲರೂ ನೆಲ ನೋಡತೊಡಗಿದರು. ಒಬ್ಬರಿಗೆ ಭಾನುವಾರ ಆಸ್ಪತ್ರೆಯ ಪಾಳಿ, ಒಬ್ಬರಿಗೆ ಮಗನ ಕ್ರಿಕೆಟ್ಟು, ಇನ್ನೊಬ್ಬರು "ಸಂಡೆ ಆರ್ವೋ, ಮಧ್ಯಾಹ್ನದ ಹೊತ್ತು ಅಂದ್ರೆ ಕಷ್ಟ, ಯಾರದಾದ್ರೂ ಮನೇಲಿ ಬಾರ್ಬಿ ಊಟ ಇದ್ದೇ ಇರತ್ತೆ" ಎಂದರು.

"ಆಂಟಿ ಬರಲಿ" ಎಂದಳು ದೀಪ್ತಿ.

"ನನ್ನ ಮೇಲೆ ಹಳೇ ಆರ್ಡರ್ ಇದೆಯಲ್ಲಮ್ಮ."

"ಆ ಆರ್ಡರ್ ಈಗ ರದ್ದು" ಎಂದರು ಇಕ್ಬಾಲರು.

"ಹಾಗೆಲ್ಲ ಆಗಲ್ಲ ಡಾಕ್ಟ್ರೇ. ನಾನು ಅಪೀಲೇ ಹಾಕಿಲ್ಲ."

"ಹಾಕಿ ಹಾಗಾದ್ರೆ."

ಆಂಟಿ ಎದ್ದು ನಿಂತು, ಫೆಡರಲ್ ಕೋರ್ಟಿನಲ್ಲಿ ಬಗ್ಗುತ್ತಿದ್ದ ಹಾಗೆ ಸೊಂಟ ಬಗ್ಗಿಸಿದರು. "ಹಾಕಿದೀನಿ."

"ಮಂಜೂರು. ನೋ ವರೀಸ್" ಎಂದರು ಅಧ್ಯಕ್ಷರು. ಮಕ್ಕಳ ಕುರ್ಚಿಗಳಿಂದ ಏಳಲಾಗದೆ ಒದ್ದಾಡುತ್ತಿದ್ದ ಕಮಿಟಿಯವರೆಲ್ಲ ಒಟ್ಟಿಗೆ ನಕ್ಕರು.

ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ನಾನು, "ಹಳೇದನ್ನ ಹೇಳ್ದೇ ಇದ್ರೂ ನಡೀತಿತ್ತಲ್ಲ ಆಂಟಿ? ಯಾರಿಗೂ ಗೊತ್ತಿರಲಿಲ್ಲ" ಎಂದೆ. "ನನಗೆ ಗೊತ್ತಿತ್ತಲ್ಲ" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಭಯ ಆಯ್ತು ಕಣೆ. ಅವಳು ಕೇಳಿದಾಗ. ನನ್ನ ಕ್ಲೈಂಟುಗಳಿಗೆಲ್ಲ ಹೀಗೇ ಆಗಿರತ್ತೆ ಪಾಪ. ಇಷ್ಟು ವರ್ಷ ಅವರ ಪಕ್ಕದಲ್ಲೇ ನಿಂತಿದ್ರೂ ನನಗೆ ಗೊತ್ತೇ ಆಗಿರಲಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು.

ಆಂಟಿಗೆ ಮಕ್ಕಳ ಜೊತೆ ಕೆಲಸ ಮಾಡಲು ಬೇಕಾದ ಸರ್ಕಾರದ ಅನುಮತಿಗಾಗಿ ಕೆಲವು ವಾರ ಕಾಯಬೇಕಾಯಿತು. ಅಷ್ಟು ದಿನವೂ ಕ್ಲಾಸು ನಿಂತಿತ್ತು. ಅದು ಬಂದ ಮೇಲಿನ ಭಾನುವಾರ ಆಂಟಿ ಎಲ್ಲರಿಗಿಂತ ಮುಂಚೆ ಬಂದು ಹಿಂದಿನ ಬಾಗಿಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೋಟು ಇರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಂದವು. ಆರವ್‌ನನ್ನು ಮಾತ್ರ ದೀಪ್ತಿ ಮುಂದಿನ ಬಾಗಿಲಲ್ಲಿ ಬಿಡದೆ ಕೋಣೆಯ ಉದ್ದಕ್ಕೂ ಕರೆದುಕೊಂಡು ಹೋಗಿ, ಅವನ ಬಲಗೈಯನ್ನು ಆಂಟಿಯ ಕೈಯಲ್ಲಿಟ್ಟು, "ನೋಡ್ಕೊಳ್ಳಿ ಆಂಟಿ" ಎಂದು ಹೇಳಿ, ಹಿಂದಿರುಗಿ ನೋಡದೆ ಕಾರಿನ ಕಡೆ ನಡೆದಳು.

ನಾನು ಹಲಗೆಯ ಮೇಲೆ ಅಕ್ಷರ ಬರೆಯತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ಸಾಲುಗಳ ನಡುವೆ ಓಡಾಡುತ್ತಾ ಹಿಂದಕ್ಕೆ ಹೋದೆ. ಆರವ್ ನಾಲಿಗೆ ಕಚ್ಚಿಕೊಂಡು ಎಡಗೈಯಲ್ಲಿ ಅಂಕುಡೊಂಕಾಗಿ ಅ ಆ ಬರೆಯುತ್ತಿದ್ದ. "ಯಾಕೋ, ನೀನು ಬಲಗೈಯಲ್ಲಿ ತಾನೇ ಬರೆಯೋದು?" ಎಂದು ಕೇಳಿದೆ. ಅವನು ಪೆನ್ಸಿಲಿನಿಂದ ಪಕ್ಕಕ್ಕೆ ತೋರಿಸಿ, ತುಂಬಾ ಮೆಲ್ಲಗೆ, "ಶೀ ವೋಂಟ್ ಲೆಟ್ ಗೋ" ಎಂದ.

ನೋಡಿದರೆ, ಆಂಟಿ ಹಿಂದಿನ ಬಾಗಿಲ ಮೇಲೆ ಕಣ್ಣಿಟ್ಟು ಕೂತಿದ್ದರು. ಅವನ ಕೈ ಇನ್ನೂ ಅವರ ಕೈಯೊಳಗೇ ಇತ್ತು.